ಹಾಂಗ್‌ಕಾಂಗ್ ಬೆಟ್ಟದ ಪಾಳು ಬಂಕರ್‌ಗಳು: ಇಷ್ಟೊಂದು ಕಾಂಕ್ರೀಟ್ ಸುರಿದರೂ ಒಂದೇ ರಾತ್ರಿಗೆ ಬಿದ್ದಿದ್ದು ಹೇಗೆ?

ಕೌಲೂನ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬಂದವನು ನಾನು. ಇಲ್ಲಿ ರಜೆ ಬಂತೆಂದರೆ ಜನ ಬೆಟ್ಟ ಹತ್ತುತ್ತಾರೆ, ನನಗೂ ಆ ಚಟ ಅಂಟಿದೆ. ಮೊನ್ನೆ ಶಿಂಗ್ ಮುನ್ ಜಲಾಶಯದ ಕಡೆಯಿಂದ ಮ್ಯಾಕ್ಲಿಹೋಸ್ ಟ್ರೈಲ್‌ನ 6ನೇ ಹಂತ ಹಿಡಿದು ಹೊರಟೆ. ದಾರಿ ಬದಿಯ ಪೊದೆಗಳ ನಡುವೆ ಕಾಂಕ್ರೀಟ್ ಬಾಗಿಲು. ಬಗ್ಗಿ ನೋಡಿದರೆ ಉದ್ದಕ್ಕೆ ಸುರಂಗ! ಗೋಡೆ ಮೇಲೆ 'ಶಾಫ್ಟ್ಸ್‌ಬರಿ ಅವೆನ್ಯೂ' ಅಂತ ಕೆತ್ತಿದ್ದಾರೆ. ಮುಂದೆ ಹೋದರೆ 'ಚೇರಿಂಗ್ ಕ್ರಾಸ್', 'ರೀಜೆಂಟ್ ಸ್ಟ್ರೀಟ್'. ಕಾಡಿನ ಮಧ್ಯೆ ಲಂಡನ್ ಬೀದಿಗಳು.

ಮನೆಗೆ ಬಂದು ಓದಿದೆ. ಇದು ಎರಡನೇ ಮಹಾಯುದ್ಧಕ್ಕೆ ಮುಂಚೆ, 1936ರಿಂದ 38ರ ಒಳಗೆ, ಹಾಂಗ್‌ಕಾಂಗ್ ದ್ವೀಪದ ಎದುರಿನ ನೆಲದ ಭಾಗವಾದ ಕೌಲೂನ್ ಕಾಪಾಡಲು ಬ್ರಿಟಿಷರು ಕಟ್ಟಿದ ಜಿನ್ ಡ್ರಿಂಕರ್ಸ್ ಲೈನ್. ಸುಮಾರು 18 ಕಿಲೋಮೀಟರ್ ಉದ್ದ, ಬೆಟ್ಟದಿಂದ ಬೆಟ್ಟಕ್ಕೆ ಬಂಕರ್, ಪಿಲ್‌ಬಾಕ್ಸ್ (ಗುಂಡು ಹಾರಿಸಲು ಕಿಂಡಿ ಇರುವ ಕಾಂಕ್ರೀಟ್ ಗೂಡು), ಕಂದಕ. ಫ್ರಾನ್ಸ್‌ನ ಹೆಸರಾಂತ ಕೋಟೆಸಾಲಿನ ಹೆಸರಲ್ಲಿ 'ಪೂರ್ವದ ಮ್ಯಾಜಿನೋ' ಅಂತ ಕರೆಯುತ್ತಿದ್ದರಂತೆ. ಆದರೆ ಜಪಾನಿನವರು 1941ರ ಡಿಸೆಂಬರ್ 8ಕ್ಕೆ ಗಡಿ ದಾಟಿದರು, 9ರ ರಾತ್ರಿ ಈ ಶಿಂಗ್ ಮುನ್ ಕೋಟೆಗೆ ನುಗ್ಗಿದರು, ಬೆಳಗಾಗುವಷ್ಟರಲ್ಲಿ ಮುಗಿಸಿಬಿಟ್ಟರು.

ನನ್ನ ಪ್ರಶ್ನೆ ಮೂರು. ಇಷ್ಟು ಗಟ್ಟಿ ಕಟ್ಟಡ ಅಷ್ಟು ಬೇಗ ಹೇಗೆ ಬಿತ್ತು? ಭಾರತೀಯ ಸೈನಿಕರೂ ಇದ್ದರು ಅಂತ ಓದಿದೆ, ಅವರ ಕತೆ ಏನು? ಆಮೇಲೆ, ಇದನ್ನು ಯಾಕೆ ಹೀಗೆ ಪಾಳು ಬಿಟ್ಟಿದ್ದಾರೆ? ಮಗನನ್ನು ಕರೆದುಕೊಂಡು ಹೋಗಬಹುದಾ ಅಂತಲೂ ತಿಳಿದವರು ಹೇಳಿ.

ಮೈಸೂರ್‌ಪಾಕ್
ನೀವು ಮೂರು ಅಂದು ನಾಲ್ಕು ಕೇಳಿದ್ದೀರಿ ಸಾರ್ 😄

ತುಂಗಾ_ತೀರ
ಇದರಲ್ಲಿ ಆಶ್ಚರ್ಯ ಏನಿದೆ? ಬ್ರಿಟಿಷರ ಫಿರಂಗಿಗಳೆಲ್ಲ ಸಮುದ್ರದ ಕಡೆ ಮುಖ ಮಾಡಿದ್ದವು, ಶತ್ರು ಹಿಂದಿನಿಂದ ನೆಲದ ಮೇಲೆ ಬಂದ. ಸಿಂಗಾಪುರದಲ್ಲೂ ಅದೇ ಕತೆ. ಪೆದ್ದರು.

ಇತಿಹಾಸದ_ಗೀಳು
@ತುಂಗಾ_ತೀರ ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಹಾಂಗ್‌ಕಾಂಗ್‌ಗೆ ಇದು ಒಪ್ಪುವುದಿಲ್ಲ. ಈ ಲೈನ್ ಕಟ್ಟಿದ್ದೇ ಉತ್ತರದಿಂದ, ಅಂದರೆ ಚೀನಾದ ನೆಲದ ಕಡೆಯಿಂದ ಬರುವವರನ್ನು ತಡೆಯಲು. ಸಿಂಗಾಪುರದಲ್ಲೂ ದೊಡ್ಡ ಫಿರಂಗಿಗಳಲ್ಲಿ ಹಲವು ತಿರುಗಿ ನೆಲದ ಕಡೆ ಹೊಡೆದಿವೆ. ಅಲ್ಲಿ ತೊಂದರೆ ಇದ್ದಿದ್ದು ಗುಂಡಿನದು. ಅವರ ಹತ್ತಿರ ಇದ್ದಿದ್ದು ಹೆಚ್ಚಾಗಿ ಹಡಗಿನ ಉಕ್ಕು ಸೀಳುವ ಗುಂಡು, ಕಾಲಾಳುಗಳ ಮೇಲೆ ಅದು ಅಷ್ಟು ಕೆಲಸ ಮಾಡುವುದಿಲ್ಲ.

ಇನ್ನು 1936 ಅನ್ನುವ ವರ್ಷದ ಹಿಂದೆಯೂ ಕಾರಣ ಇದೆ. 1922ರ ವಾಷಿಂಗ್ಟನ್ ನೌಕಾ ಒಪ್ಪಂದದಲ್ಲಿ ಬ್ರಿಟನ್, ಅಮೆರಿಕ, ಜಪಾನ್ ಸೇರಿ ಪೆಸಿಫಿಕ್‌ನ ಕೆಲವು ಜಾಗಗಳಲ್ಲಿ ಹೊಸ ಕೋಟೆ ಕಟ್ಟುವುದಿಲ್ಲ ಅಂತ ಸಹಿ ಹಾಕಿದ್ದರು. ಹಾಂಗ್‌ಕಾಂಗ್ ಆ ಪಟ್ಟಿಯಲ್ಲಿತ್ತು, ಸಿಂಗಾಪುರ ಇರಲಿಲ್ಲ. ಒಪ್ಪಂದದ ಅವಧಿ 1936ಕ್ಕೆ ಮುಗಿಯಿತು. ಆಗಲೇ ಇಲ್ಲಿ ಕೆಲಸ ಶುರು.

ಆದರೆ 1938ರ ಅಕ್ಟೋಬರ್‌ನಲ್ಲಿ ಜಪಾನ್ ಪಕ್ಕದ ಕ್ಯಾಂಟನ್ ನಗರ ಹಿಡಿಯಿತು. ಶತ್ರು ಮನೆ ಬಾಗಿಲಿಗೇ ಬಂದ ಮೇಲೆ ಇರುವ ಚೂರುಪಾರು ಸೈನ್ಯ ಹಾಕಿ 18 ಕಿ.ಮೀ. ಕಾಯುವುದು ಆಗದ ಮಾತು, ಮುಖ್ಯ ಜಗಳ ಹಾಂಗ್‌ಕಾಂಗ್ ದ್ವೀಪದಲ್ಲೇ ಆಗಲಿ ಅಂತ ಯೋಜನೆ ಬದಲಾಯಿತು. ಅಂದರೆ ಯುದ್ಧಕ್ಕೆ ಮುಂಚೆಯೇ ಈ ಲೈನ್ ಅರ್ಧ ಪಾಳು ಬಿದ್ದಿತ್ತು. 1941ರ ನವೆಂಬರ್ 16ಕ್ಕೆ ಕೆನಡಾದ ಎರಡು ಬೆಟಾಲಿಯನ್ ಬಂದಿಳಿದವು. ಆಗ ಅಲ್ಲಿನ ಬ್ರಿಟಿಷ್ ಸೇನಾ ಮುಖ್ಯಸ್ಥ ಜನರಲ್ ಮಾಲ್ಟ್‌ಬಿ, ಜನ ಜಾಸ್ತಿ ಆದರಲ್ಲ, ಹಳೇ ಲೈನ್‌ನಲ್ಲೇ ನಿಲ್ಲೋಣ ಅಂತ ತೀರ್ಮಾನ ಮಾಡಿದರು. ಯುದ್ಧಕ್ಕೆ ಮೂರು ವಾರ ಇರುವಾಗ! ಲೈನ್ ಕಾಯಲು ಬಂದ ಸೈನಿಕರಿಗೆ ಯಾವ ಕಿಂಡಿ ಯಾವ ಕಣಿವೆಗೆ ಮುಖ ಮಾಡಿದೆ ಅಂತ ತಿಳಿಯುವಷ್ಟರಲ್ಲಿ ಜಪಾನಿನವರು ಬಂದಾಗಿತ್ತು.

ಸಿಮೆಂಟು_ಸೀನ
ಸಿವಿಲ್‌ನವನಾಗಿ ಒಂದು ಮಾತು. ಕಾಂಕ್ರೀಟ್ ಮೇಲೆ ತಪ್ಪು ಹೊರಿಸಬೇಡಿ. ಎಂಬತ್ತು ವರ್ಷ ದಾಟಿದೆ, ಅಲ್ಲಿ ಮಳೆಗಾಲದಲ್ಲಿ ಟೈಫೂನ್ ಬಡಿಯುತ್ತದೆ, ಯಾರೂ ರಿಪೇರಿ ಮಾಡಿಲ್ಲ, ಆದರೂ ನಿಂತಿದೆ. ನಮ್ಮ ಏರಿಯಾದಲ್ಲಿ ಎರಡು ಮಳೆಗೆ ಚರಂಡಿ ಚಪ್ಪಡಿ ಕುಸಿಯುತ್ತದೆ.

ನನಗೆ ಕಾಣುವ ದೋಷ ಗಾಳಿಯ ಕೊಳವೆಗಳದು. ಸುರಂಗದಲ್ಲಿ ಜನ ಇರಬೇಕಾದರೆ ಗಾಳಿ ಬೇಕು, ಅದಕ್ಕೆ ಮೇಲಕ್ಕೆ ಕಿಂಡಿ ಬಿಟ್ಟಿದ್ದಾರೆ. ಬೆಟ್ಟದ ಮೇಲ್ಭಾಗಕ್ಕೆ ಶತ್ರು ಹತ್ತಿಬಿಟ್ಟರೆ ಆ ಕಿಂಡಿಯೇ ಯಮ. ಗ್ರೆನೇಡ್ ಬಿಟ್ಟರೆ ಸಾಕು. ಶಿಂಗ್ ಮುನ್‌ನಲ್ಲಿ ಜಪಾನಿನವರು ಮಾಡಿದ್ದೂ ಅದನ್ನೇ.

ನಿವೃತ್ತ_ಫೌಜಿ
ನಾನು ಸೈನ್ಯದಲ್ಲಿ ಇದ್ದು ಬಂದವನು, ಗಡಿಯಲ್ಲಿ ಬಂಕರ್‌ನಲ್ಲಿ ಚಳಿಗಾಲ ಕಳೆದಿದ್ದೇನೆ. ಮೇಲೆ ಹೇಳಿದವರೆಲ್ಲ ಕಟ್ಟಡದ ಬಗ್ಗೆ ಮಾತಾಡುತ್ತಿದ್ದಾರೆ. ಬಂಕರ್ ಅನ್ನುವುದು ತನ್ನಷ್ಟಕ್ಕೆ ತಾನೇ ಕಾಯುವುದಿಲ್ಲ ಸ್ವಾಮಿ. ಒಳಗೆ ಕೂತವನಿಗೆ ಕಿಂಡಿಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಲೋಕ. ಪಕ್ಕದಿಂದ, ತಲೆ ಮೇಲಿಂದ ಬರುವವನನ್ನು ನೋಡಲು ಹೊರಗೆ ಕಂದಕದಲ್ಲಿ ಜನ ಬೇಕು, ರಾತ್ರಿ ಗಸ್ತು ಬೇಕು. ಈ ಬಂಕರ್ ಮೇಲೆ ಬಂದವನನ್ನು ಆ ಬಂಕರ್‌ನವನು ಹೊಡೆಯಬೇಕು. ಹೊರಗಿನ ಜನ ಇಲ್ಲದಿದ್ದರೆ ಒಳಗಿನವರು ಗೂಡಿನಲ್ಲಿ ಕೂತ ಕೋಳಿಗಳು.

ಶಿಂಗ್ ಮುನ್ ರೆಡೌಟ್ (ಸಣ್ಣ ಕೋಟೆ, ಇವರು ನೋಡಿದ್ದು ಅದೇ) ಹನ್ನೆರಡು ಎಕರೆ ಜಾಗ. ಅದನ್ನು ಹಿಡಿದು ನಿಲ್ಲಲು ಪೂರ್ತಿ ಒಂದು ಕಂಪನಿ ಬೇಕು, ಅಂದರೆ ನೂರಕ್ಕೂ ಹೆಚ್ಚು ಜನ. ಅವತ್ತು ಅಲ್ಲಿದ್ದವರು ರಾಯಲ್ ಸ್ಕಾಟ್ಸ್ ಬೆಟಾಲಿಯನ್ನಿನ ಒಂದು ಪ್ಲಟೂನ್ (ಕಂಪನಿಯ ಒಂದು ಸಣ್ಣ ತುಕಡಿ), ಕಂಪನಿ ಹೆಡ್‌ಕ್ವಾರ್ಟರ್ ಮತ್ತು ಫಿರಂಗಿಗೆ ಗುರಿ ಹೇಳುವ ಕೆಲವರು. ಎಲ್ಲ ಸೇರಿ ನಲವತ್ತರ ಆಸುಪಾಸು. ಇಡೀ ಲೈನ್ ಲೆಕ್ಕ ನೋಡಿ: 18 ಕಿ.ಮೀ.ಗೆ ಮೂರು ಬೆಟಾಲಿಯನ್. ಒಂದೊಂದಕ್ಕೆ 6 ಕಿ.ಮೀ. ಗುಡ್ಡಗಾಡಿನಲ್ಲಿ ಅದರ ಅರ್ಧ ಕೊಟ್ಟರೂ ಜಾಸ್ತಿ ಅನ್ನುತ್ತೇನೆ ನಾನು. ಯಾವ ಕಾಂಕ್ರೀಟೂ ಈ ಲೆಕ್ಕ ಸರಿ ಮಾಡಲ್ಲ.

ತುಂಗಾ_ತೀರ
ಅಂದರೆ ಸ್ಕಾಟ್‌ಲೆಂಡಿನವರು ನಿದ್ದೆ ಮಾಡುತ್ತಿದ್ದರು ಅಂತ ಒಪ್ಪಿಕೊಳ್ಳಿ. ಆಮೇಲೆ ದೂರಿದ್ದೂ ಅವರನ್ನೇ ಅಲ್ವಾ?

ನಿವೃತ್ತ_ಫೌಜಿ
@ತುಂಗಾ_ತೀರ ದೂರುವುದು ಸುಲಭ. ಆ ಬೆಟಾಲಿಯನ್‌ನಲ್ಲಿ ಮಲೇರಿಯಾ ಹರಡಿ ಎಷ್ಟೋ ಜನ ಆಸ್ಪತ್ರೆಯಲ್ಲಿದ್ದರು. ಶಿಂಗ್ ಮುನ್ ಹೋದ ಮೇಲೆ 11ನೇ ತಾರೀಕು ಗೋಲ್ಡನ್ ಹಿಲ್ ಮೇಲೆ ಅದೇ ರಾಯಲ್ ಸ್ಕಾಟ್ಸ್ ತೋಡಿದ ಕಂದಕವೂ ಸರಿಯಾಗಿ ಇಲ್ಲದ ಕಡೆ ನಿಂತು ಸತ್ತರು. ಕಂಪ್ಯೂಟರ್ ಮುಂದೆ ಕೂತು ಹೇಡಿ ಅನ್ನಬೇಡಿ.

ತುಂಗಾ_ತೀರ
ಹೇಡಿ ಅಂತ ನಾನು ಎಲ್ಲಿ ಅಂದೆ? ಕಾವಲು ಸರಿ ಇರಲಿಲ್ಲ ಅಂದೆ. ಗಸ್ತು ತಿರುಗಿ ಬಂದವರಿಗೆ ಸಾವಿರಾರು ಜನ ಕೆಳಗೆ ಕಣಿವೆಯಲ್ಲಿ ಸೇರಿದ್ದು ಕಾಣಲಿಲ್ಲ ಅಂದರೆ ಏನು ಹೇಳಬೇಕು?

ಇತಿಹಾಸದ_ಗೀಳು
ಇಬ್ಬರೂ ಒಂದು ನಿಮಿಷ. ಎದುರು ಪಕ್ಷದ ಕತೆಯೂ ಸ್ವಾರಸ್ಯವಾಗಿದೆ. ಶಿಂಗ್ ಮುನ್ ಮೇಲೆ ಬಿದ್ದಿದ್ದು ಜಪಾನಿನ 228ನೇ ರೆಜಿಮೆಂಟ್, ಕರ್ನಲ್ ಡೊಯಿ ಅವರದು. ನಿಜಕ್ಕೂ ಆ ಜಾಗ ಅವರ ಪಾಲಿಗೆ ಕೊಟ್ಟಿದ್ದಲ್ಲ, ಪಕ್ಕದ 230ನೇ ರೆಜಿಮೆಂಟಿನದು. ಡೊಯಿ ಹಗಲು ಎತ್ತರದ ಗುಡ್ಡ ಹತ್ತಿ ನೋಡಿದರು. ಎದುರುಗಡೆ ಜನ ಕಮ್ಮಿ ಅನ್ನಿಸಿತು. ಮೇಲಿನವರನ್ನು ಕೇಳದೆ ಅವತ್ತು ರಾತ್ರಿಯೇ ನುಗ್ಗಿದರು. ಗೆದ್ದ ಮೇಲೆ ಹೆಡ್‌ಕ್ವಾರ್ಟರ್‌ನಿಂದ ಬಂದಿದ್ದು ಶಹಭಾಸ್ ಅಲ್ಲ, ವಾಪಸ್ ಬನ್ನಿ ಅನ್ನುವ ಆದೇಶ! ಅವರು ಬರಲಿಲ್ಲ. ಜಪಾನಿನ ಸೇನಾಪತಿಗಳೂ ಈ ಲೈನ್ ಒಡೆಯಲು ದಿನಗಟ್ಟಲೆ ಫಿರಂಗಿ ತಯಾರಿ ಬೇಕು ಅಂತಲೇ ಅಂದುಕೊಂಡಿದ್ದರು. ಹಾಗಾಗಿ ಮಾಲ್ಟ್‌ಬಿ ಒಬ್ಬರದೇ ಲೆಕ್ಕ ತಪ್ಪಿದ್ದಲ್ಲ.

ನುಗ್ಗಿದ ತುಕಡಿಯ ಲೆಫ್ಟಿನೆಂಟ್ ವಾಕಾಬಯಾಶಿ. 'ವಾಕಾಬಯಾಶಿ ತುಕಡಿ ವಶಪಡಿಸಿಕೊಂಡಿತು' ಅಂತ ಕಾಂಕ್ರೀಟಿನಲ್ಲಿ ಕೆತ್ತಿದ್ದು ಇವತ್ತಿಗೂ ಇದೆ. @ಕೌಲೂನ್_ಕನ್ನಡಿಗ ನೀವು ನೋಡಲಿಲ್ಲವಾ? ಫಿರಂಗಿ ವೀಕ್ಷಣಾ ಕೊಠಡಿಯ ಹತ್ತಿರ.

ಕೌಲೂನ್_ಕನ್ನಡಿಗ
ಏನೋ ಚೀನೀ ಅಕ್ಷರ ಕಂಡಿತ್ತು, ಯಾರೋ ಟ್ರೆಕ್ಕರ್ ಗೀಚಿದ್ದು ಅಂತ ಮುಂದೆ ಹೋದೆ. ಮತ್ತೊಮ್ಮೆ ನೋಡಬೇಕು.

ಮೈಸೂರ್‌ಪಾಕ್
ನಮ್ಮವರೂ ಇದ್ದಿದ್ದರೆ 'ಮಂಜ ಲವ್ಸ್ ಸುಮ' ಅಂತ ಪಕ್ಕದಲ್ಲೇ ಕೆತ್ತುತ್ತಿದ್ದರು.

ಚಾರಣಪ್ರಿಯೆ
ನಾನು ಇಲ್ಲಿ ತುಂಬಾ ವರ್ಷದಿಂದ ಇದ್ದೇನೆ, ಮಕ್ಕಳ ಪ್ರಶ್ನೆಗೆ ಉತ್ತರಿಸುತ್ತೇನೆ. ತ್ಸ್ಯುನ್ ವಾನ್ ಸ್ಟೇಷನ್ನಿನಲ್ಲಿ ಇಳಿದು 82ನೇ ನಂಬರ್ ಮಿನಿಬಸ್ ಹಿಡಿಯಿರಿ, ಪೈನಾಪಲ್ ಡ್ಯಾಮ್‌ವರೆಗೆ ಹೋಗುತ್ತದೆ. ಅಲ್ಲಿಂದ ಜಲಾಶಯದ ಪಕ್ಕದ ರಸ್ತೆಯಲ್ಲಿ ನಡೆದು 6ನೇ ಹಂತ ಶುರುವಾಗುವ ಕಡೆ ಹೋಗಿ. ಆ ಹಂತ ಪೂರ್ತಿ ಮಾಡಿದರೂ 4.6 ಕಿ.ಮೀ. ಅಷ್ಟೇ, ಮೊದಲ ಏರು ಬಿಟ್ಟರೆ ಕಷ್ಟ ಇಲ್ಲ. ಟ್ರೈಲ್‌ನಿಂದಲೇ ಕಂದಕಗಳ ಬಾಯಿ, ಹೆಸರುಗಳು ಕಾಣುತ್ತವೆ. ಮಕ್ಕಳಿಗೆ ಅಷ್ಟು ಸಾಕು.

ಒಳಗೆ ಹೋಗಲೇಬೇಕು ಅಂದರೆ ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ, ಫೋನ್ ಲೈಟ್ ನಂಬಬೇಡಿ. ಮಳೆ ಬಂದ ಮರುದಿನ ಹೋಗಬೇಡಿ, ಕೆಳಗೆ ನೀರು, ಕೆಸರು. ಕೆಲವು ಕಡೆ ಬಾವಲಿ. ಬೇಸಿಗೆಯಲ್ಲಿ ಹಸಿರು ಮಂಡಲ ಹಾವು ಓಡಾಡುವ ಜಾಗ ಇದು. ಡಿಸೆಂಬರ್, ಜನವರಿ ಒಳ್ಳೆಯದು.

ಆಮೇಲೆ ಕೋತಿಗಳು! ಪಕ್ಕದ ಕಾಮ್ ಶಾನ್‌ಗೆ ಮಂಕಿ ಹಿಲ್ ಅಂತಲೇ ಹೆಸರು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ, ಕಿತ್ತುಕೊಂಡು ಹೋಗುತ್ತವೆ. ತಿನ್ನಲು ಕೊಟ್ಟರೆ ಸ್ಥಳದಲ್ಲೇ 5000 ಹಾಂಗ್‌ಕಾಂಗ್ ಡಾಲರ್ ದಂಡ, 2024ರಿಂದ ಜಾರಿಯಲ್ಲಿದೆ. ಪಾಪ ಹನುಮಂತ ಅಂತ ಬಾಳೆಹಣ್ಣು ಕೊಡಲು ಹೋದೀರಿ.

ಕುಡ್ಲದ_ಬಂಗುಡೆ
ಅಲ್ಲಿ ಕೋತಿಗಳು ಎಲ್ಲಿಂದ ಬಂದವು ಮಾರಾಯ್ರೆ? ಅಷ್ಟು ದೊಡ್ಡ ಸಿಟಿಯಲ್ಲಿ?

ಚಾರಣಪ್ರಿಯೆ
ಅದೂ ಒಂದು ಕತೆ. ಕೌಲೂನ್ ಜಲಾಶಯ ಕಟ್ಟಿದ ಕಾಲದಲ್ಲಿ ಸುತ್ತ ಕಾಸರಕನ ಜಾತಿಯ ವಿಷದ ಗಿಡ ಬೆಳೆದಿತ್ತು, ಅದರ ಕಾಯಿ ನೀರಿಗೆ ಬೀಳದ ಹಾಗೆ ತಿಂದು ಮುಗಿಸಲಿ ಅಂತ ಕೋತಿ ತಂದು ಬಿಟ್ಟರು ಅಂತ ಹೇಳುತ್ತಾರೆ. ಅವಕ್ಕೆ ಆ ವಿಷ ತಟ್ಟುವುದಿಲ್ಲವಂತೆ. ಈಗ ಜನರ ಬಿಸ್ಕತ್ತು ತಟ್ಟುತ್ತಿದೆ.

ಪಾಂಡವಪುರದವ
ಇದೆಲ್ಲ ಓದುತ್ತಾ ನನಗೆ ನಮ್ಮ ಶ್ರೀರಂಗಪಟ್ಟಣ ನೆನಪಾಯಿತು. 1792ರಲ್ಲಿ ಕಾರ್ನ್‌ವಾಲಿಸ್ ಬಂದಾಗ ಟಿಪ್ಪು ಕೋಟೆಗೆ ಹೊರಗೆ, ಕಾವೇರಿಯ ಉತ್ತರ ದಡದಲ್ಲಿ, ದಟ್ಟ ಮುಳ್ಳುಬೇಲಿ ಬೆಳೆಸಿ ಅದರ ಹಿಂದೆ ಸಣ್ಣ ಸಣ್ಣ ರೆಡೌಟ್‌ಗಳನ್ನು ಇಟ್ಟಿದ್ದ. ಫೆಬ್ರವರಿ 6ರ ರಾತ್ರಿ ಇಂಗ್ಲಿಷರು ಕತ್ತಲಲ್ಲೇ ನುಗ್ಗಿ ಹೊರಗಿನ ಸಾಲನ್ನು ಮುರಿದರು. ಮಾರ್ಚ್‌ನಲ್ಲಿ ಅರ್ಧ ರಾಜ್ಯ ಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟು ಒಪ್ಪಂದ ಆಯಿತು. ಅವತ್ತು ರಾತ್ರಿ ದಾಳಿ ಮಾಡಿ ಗೆದ್ದವರು, ಇಲ್ಲಿ ರಾತ್ರಿ ದಾಳಿಗೇ ಸೋತರು.

ತುಂಗಾ_ತೀರ
ಎಲ್ಲದಕ್ಕೂ ಟಿಪ್ಪು ತರಬೇಡಿ ಗುರು. ಈ ಥ್ರೆಡ್ ಇನ್ನು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು.

ಕುಡ್ಲದ_ಬಂಗುಡೆ
ನಮ್ಮ ಬೋಳೂರಿನ ಸುಲ್ತಾನ್ ಬತ್ತೇರಿ ಬಗ್ಗೆಯೂ ಹೇಳಬೇಕು ಅಂತಿದ್ದೆ. ಸುಮ್ನಾದೆ.

ನಿವೃತ್ತ_ಫೌಜಿ
@ಪಾಂಡವಪುರದವ ಹೋಲಿಕೆ ತಪ್ಪಲ್ಲ, ಆದರೆ ಒಂದು ವ್ಯತ್ಯಾಸ ಇದೆ. ಶ್ರೀರಂಗಪಟ್ಟಣದಲ್ಲಿ ಹೊರಸಾಲು ಹೋದರೂ ಹಿಂದೆ ಹೊಳೆ, ಕೋಟೆ, ಅದರೊಳಗೆ ಸೈನ್ಯ ಇತ್ತು. ಇಲ್ಲಿ ಹಿಂದೆ ಇದ್ದಿದ್ದು ಕೌಲೂನ್ ಊರು, ಅದರ ಹಿಂದೆ ಸಮುದ್ರ. ಒಂದು ಕಡೆ ತೂತು ಬಿತ್ತು ಅಂದರೆ ಉಳಿದ 17 ಕಿಲೋಮೀಟರ್ ಚೆನ್ನಾಗಿದ್ದೂ ಏನು ಬಂತು? ತೂತು ಮುಚ್ಚಲು ಅವರ ಕೈಲಿ ಇದ್ದಿದ್ದು ರಜಪೂತ್ ಬೆಟಾಲಿಯನ್ನಿನ ಒಂದು ಕಂಪನಿ. ಅಷ್ಟೇ ಮೀಸಲು.

ಬೀದರ್_ಹುಡುಗ
ಅದೇ ಕೇಳೋಣ ಅಂತಿದ್ದೆ ರೀ. ಎಲ್ಲರೂ ಸ್ಕಾಟ್ಸ್, ಕೆನಡಾ, ಜಪಾನ್ ಅಂತ ಹೇಳುತ್ತೀರಿ. ಮೂರು ಬೆಟಾಲಿಯನ್‌ನಲ್ಲಿ ಎರಡು ಭಾರತದವು ಅಲ್ವಾ? ಅವರ ಬಗ್ಗೆ ಒಂದೂ ಸಾಲಿಲ್ಲ.

ಇತಿಹಾಸದ_ಗೀಳು
ಸರಿಯಾದ ಮಾತು. ಲೈನ್‌ನ ಎಡಕ್ಕೆ ರಾಯಲ್ ಸ್ಕಾಟ್ಸ್, ನಡುವೆ 2/14 ಪಂಜಾಬ್ (14ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್), ಬಲಕ್ಕೆ ಅದೇ ರೀತಿ 5/7 ರಜಪೂತ್. ಜೊತೆಗೆ ಹಾಂಗ್‌ಕಾಂಗ್ ಸಿಂಗಾಪುರ್ ರಾಯಲ್ ಆರ್ಟಿಲರಿ, ಅದರ ಫಿರಂಗಿಗಳ ಹಿಂದೆ ಇದ್ದವರಲ್ಲಿ ಹೆಚ್ಚಿನವರು ಸಿಖ್ಖರು ಮತ್ತು ಪಂಜಾಬಿ ಮುಸ್ಲಿಮರು. ಡಿಸೆಂಬರ್ 8ಕ್ಕೆ ಗಡಿಯಲ್ಲಿ ಸೇತುವೆ ಒಡೆಯುತ್ತಾ, ತೈ ಪೊ ರಸ್ತೆಯಲ್ಲಿ ಹೊಂಚು ಹಾಕಿ ಹೊಡೆಯುತ್ತಾ ಜಪಾನಿನವರನ್ನು ನಿಧಾನ ಮಾಡಿದ್ದು ಪಂಜಾಬಿನ ಒಂದು ಕಂಪನಿ. ಅವತ್ತೇ ಬೆಳಿಗ್ಗೆ ಕೈ ತಕ್ ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿತ್ತು. ವಾಯುಪಡೆಗೆ ಇದ್ದಿದ್ದೇ ಐದು ಹಳೇ ವಿಮಾನ, ಮೇಲೆ ಆಕಾಶದಲ್ಲಿ ತಮ್ಮವರು ಅನ್ನುವವರು ಯಾರೂ ಇಲ್ಲ.

11ಕ್ಕೆ ಕೌಲೂನ್ ಬಿಡಿ ಅಂತ ಆದೇಶ ಆದಾಗ ಕೊನೆಯವರೆಗೆ ಡೆವಿಲ್ಸ್ ಪೀಕ್‌ನಲ್ಲಿ ನಿಂತು 13ರ ಬೆಳಿಗ್ಗೆ ದೋಣಿ ಹತ್ತಿದವರು ರಜಪೂತರು. ದ್ವೀಪಕ್ಕೆ ಬಂದ ಮೇಲೆ ಅವರಿಗೇ ಉತ್ತರದ ದಡ ಕೊಟ್ಟರು. 18ರ ರಾತ್ರಿ ಜಪಾನಿನ ಮೂರು ರೆಜಿಮೆಂಟ್ ಇಳಿದಿದ್ದು ಅಲ್ಲೇ, ಅವರ ಎದೆ ಮೇಲೆಯೇ. ಬೆಟಾಲಿಯನ್ ಹೆಚ್ಚೂಕಮ್ಮಿ ನೆಲ ಕಚ್ಚಿತು. 25ಕ್ಕೆ, ಕ್ರಿಸ್‌ಮಸ್ ದಿನ, ಶರಣಾಗತಿ.

ಬೀದರ್_ಹುಡುಗ
ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ ಹೆಸರು ಸೇರಿಸಿ. 5/7 ರಜಪೂತ್. ಹೈದರಾಬಾದಿನವರು, ನಿಜಾಮರ ಸಂಬಂಧಿ. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲ ಅದೇ ಸಂಸ್ಥಾನ. ರಾಜಮನೆತನದ ನಂಟು ಅಂತ ತಿಳಿದ ಜಪಾನಿನವರು ಬ್ರಿಟಿಷರನ್ನು ಬಿಟ್ಟು ನಮ್ಮ ಕಡೆ ಬಾ, ಉಳಿದ ಭಾರತೀಯ ಕೈದಿಗಳನ್ನೂ ತಿರುಗಿಸು ಅಂದರು. ಒಪ್ಪಲಿಲ್ಲ. ಚಿತ್ರಹಿಂಸೆ ಕೊಟ್ಟರೂ ಬಗ್ಗಲಿಲ್ಲ. 1943ರ ಅಕ್ಟೋಬರ್‌ನಲ್ಲಿ ತಲೆ ಕಡಿದರು. ಸತ್ತ ಮೇಲೆ ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಸ್ಟ್ಯಾನ್ಲಿ ಮಿಲಿಟರಿ ಸ್ಮಶಾನದಲ್ಲಿ ಸಮಾಧಿ ಇದೆ. ಹಾಂಗ್‌ಕಾಂಗ್‌ನಲ್ಲಿ ಇರುವವರು ಸ್ಟ್ಯಾನ್ಲಿ ಮಾರ್ಕೆಟ್ಟಿಗೆ ಶಾಪಿಂಗ್ ಹೋಗುತ್ತೀರಲ್ಲ, ಹತ್ತು ನಿಮಿಷ ಅಲ್ಲಿಗೂ ಹೋಗಿ ಬನ್ನಿ.

ಚಾರಣಪ್ರಿಯೆ
ಖಂಡಿತ. ಸಾಯ್ ವಾನ್ ಯುದ್ಧ ಸ್ಮಶಾನದಲ್ಲಿ ದಹನ ಮಾಡಿದ ಹಿಂದೂ, ಸಿಖ್ ಸೈನಿಕರ ಹೆಸರಿರುವ ಬೇರೆ ಸ್ಮಾರಕವೂ ಇದೆ. ನವೆಂಬರ್‌ನಲ್ಲಿ ಕೆನಡಾದವರ ಸಮಾಧಿ ಮುಂದೆ ಹೂವು, ಬಾವುಟ ತುಂಬಿರುತ್ತದೆ. ನಮ್ಮವರ ಕಲ್ಲಿನ ಮುಂದೆ ಜನ ಕಮ್ಮಿ.

ತುಂಗಾ_ತೀರ
ಬ್ರಿಟಿಷ್ ರಾಜನಿಗಾಗಿ ಸತ್ತವರಿಗೆ ನಾವು ಯಾಕೆ ಹೂವು ಇಡಬೇಕು ಅಂತ ಕೇಳಿದರೆ ಬೈಯುತ್ತೀರಿ. ಆದರೂ ಕೇಳುತ್ತೇನೆ.

ಬೀದರ್_ಹುಡುಗ
ಬೈಯಲ್ಲ ರೀ. ಹೊಟ್ಟೆಪಾಡಿಗೆ ಸೇರಿದ ರೈತರ ಮಕ್ಕಳು. ರಾಜನ ಮುಖ ನೋಡಿದವರಲ್ಲ. ಹೂವು ರಾಜನಿಗಲ್ಲ, ಅವರಿಗೆ.

ನಿವೃತ್ತ_ಫೌಜಿ
+1. ಯಾರ ಬಾವುಟ ಅಂತ ನೋಡಿ ಹೆಣಕ್ಕೆ ಲೆಕ್ಕ ಹಾಕಬಾರದು.

ಮೈಸೂರ್‌ಪಾಕ್
ಸೀರಿಯಸ್ಸಾಗಿ ಕೇಳುತ್ತಿದ್ದೇನೆ, ಅಲ್ಲಿ ಕನ್ನಡದವರು ಯಾರಾದರೂ ಇದ್ದರಾ?

ಇತಿಹಾಸದ_ಗೀಳು
ಆ ಎರಡು ಬೆಟಾಲಿಯನ್‌ಗಳಿಗೆ ಭರ್ತಿ ಆಗುತ್ತಿದ್ದವರು ಉತ್ತರದವರು. ನಮ್ಮ ಕಡೆಯವರನ್ನು ಹುಡುಕಬೇಕಾದರೆ ಸಿಂಗಾಪುರಕ್ಕೆ ಹೋಗಬೇಕು. ಮಹಾರಾಜರ ಮೈಸೂರು ಇನ್‌ಫೆಂಟ್ರಿಯ 1ನೇ ಬೆಟಾಲಿಯನ್ ಅಲ್ಲಿತ್ತು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿದ್ದಾಗ ಅವರೂ ಸೆರೆಯಾದರು.

ಸಿಮೆಂಟು_ಸೀನ
ಇನ್ನೊಂದು ಬೆಂಗಳೂರಿನ ನಂಟು ನಾನು ಕೊಡುತ್ತೇನೆ. ಇಂಥ ಬಂಕರ್‌ಗಳ ಮುಂದೆ ಮುಳ್ಳುತಂತಿ ಹಾಸಿರುತ್ತಾರೆ. ಅದನ್ನು ಸಿಡಿಸಿ ದಾರಿ ಮಾಡುವ ಉದ್ದನೆ ಕೊಳವೆಗೆ ಜಗತ್ತಿನ ಎಷ್ಟೋ ಸೈನ್ಯಗಳಲ್ಲಿ 'ಬ್ಯಾಂಗಲೋರ್ ಟಾರ್ಪಿಡೋ' ಅನ್ನುತ್ತಾರೆ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನಾ ಎಂಜಿನಿಯರ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲೇ ಮಾಡಿದ್ದು. ಹಲಸೂರು ಕೆರೆ ಪಕ್ಕದ ಈಗಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದೆಯಲ್ಲ, ಅವರದೇ ಪರಂಪರೆ.

ಕುಡ್ಲದ_ಬಂಗುಡೆ
ಹೌದಾ! ನಾನು ವಿಡಿಯೋ ಗೇಮ್‌ನಲ್ಲಿ ಆ ಹೆಸರು ಕೇಳಿ ಸುಮ್ನೆ ಇಟ್ಟಿದ್ದು ಅಂದುಕೊಂಡಿದ್ದೆ.

ಕೌಲೂನ್_ಕನ್ನಡಿಗ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದರೆ ಪಾಳು ಬಿಟ್ಟಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಇಷ್ಟು ದುಡ್ಡಿರುವ ಊರು. ಒಂದು ಲೈಟ್ ಹಾಕಿ, ಮೆಟ್ಟಿಲು ಸರಿ ಮಾಡಿ, ಟಿಕೆಟ್ ಇಟ್ಟರೆ ಜನ ಸಾಲು ನಿಲ್ಲುತ್ತಾರೆ. ನನಗಂತೂ ನೋಡಿ ಬೇಜಾರಾಯಿತು. ಒಂದು ಕಿಂಡಿಯೊಳಗೆ ಯಾರೋ ನೂಡಲ್ಸ್ ಡಬ್ಬ ತುಂಬಿದ್ದರು.

ಚಾರಣಪ್ರಿಯೆ
ಪೂರ್ತಿ ಪಾಳು ಅನ್ನಬೇಡಿ. ಕಂಟ್ರಿ ಪಾರ್ಕ್ ಒಳಗೆ ಇದೆ, ದಾರಿಯಲ್ಲಿ ಮಾಹಿತಿ ಫಲಕ ಇದೆ. ಪಾರ್ಕಿನೊಳಗೆ ಇರುವುದರಿಂದಲೇ ಉಳಿದಿದೆ. ಪಾರ್ಕಿನ ಗಡಿಯಿಂದ ಹೊರಗೆ ಇದ್ದಿದ್ದರೆ ಇಷ್ಟೊತ್ತಿಗೆ ಅಲ್ಲಿ ಐವತ್ತು ಮಹಡಿ ಎದ್ದಿರುತ್ತಿತ್ತು. ಈ ಲೈನ್ ಶುರುವಾಗುವ ಜಿನ್ ಡ್ರಿಂಕರ್ಸ್ ಕೊಲ್ಲಿಯನ್ನೇ ತಗೊಳ್ಳಿ. ಕಸ, ಮಣ್ಣು ತುಂಬಿಸಿ ಮುಚ್ಚಿದರು. ಈಗ ಅಲ್ಲಿ ಕ್ವಾಯ್ ಚುಂಗ್, ನೀರೇ ಇಲ್ಲ.

ಲೈಟ್, ಟಿಕೆಟ್ ಬೇಡವೇ ಬೇಡ. ಮ್ಯೂಸಿಯಂ ಬೇಕೆಂದರೆ ಶೌ ಕೀ ವಾನ್‌ನಲ್ಲಿ ಹಳೇ ಲೇ ಯು ಮುನ್ ಕೋಟೆಯಲ್ಲೇ ಇದೆ, ಕರಾವಳಿ ರಕ್ಷಣಾ ಮ್ಯೂಸಿಯಂ. 2024ರಲ್ಲಿ ಹೆಸರು ಬದಲಾಯಿಸಿ, ಜಪಾನ್ ವಿರುದ್ಧದ ಹೋರಾಟವನ್ನೂ ಸೇರಿಸಿದ್ದಾರೆ. ಏಸಿ ಇದೆ, ಕ್ಯಾಂಟೀನ್ ಹುಡುಕುವವರು ಅಲ್ಲಿಗೆ ಹೋಗಲಿ.

ಸಿಮೆಂಟು_ಸೀನ
ನನ್ನದು ಬೇರೆ ಅಭಿಪ್ರಾಯ ಮೇಡಂ. ಹಾಗೇ ಬಿಟ್ಟರೆ ಅಂದ ಅನ್ನುವುದು ಫೋಟೋ ತೆಗೆಯುವವರ ಮಾತು. ಒಳಗಿನ ಕಂಬಿಗೆ ನೀರು ತಗುಲಿ ತುಕ್ಕು ಹಿಡಿದರೆ ಕಂಬಿ ಉಬ್ಬುತ್ತದೆ, ಮೇಲಿನ ಕವರ್ ಚೂರು ಚೂರಾಗಿ ಉದುರುತ್ತದೆ. ಅದು ಒಂದು ದಿನ ಯಾರದಾದರೂ ತಲೆ ಮೇಲೆ ಬೀಳುತ್ತದೆ. ಆಗ ಇಲಾಖೆಯವರು ಬಂದು ಇಟ್ಟಿಗೆ ಇಟ್ಟು ಎಲ್ಲ ಬಾಗಿಲು ಮುಚ್ಚಿಬಿಡುತ್ತಾರೆ. ಲೈಟ್ ಬೇಡ ಸರಿ, ಆದರೆ ನೀರು ಹೊರಗೆ ಹೋಗುವ ದಾರಿ ಮಾಡಲಿ, ಬಿರುಕಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಹಾಕಲಿ. ಕಣ್ಣಿಗೆ ಕಾಣುವುದೂ ಇಲ್ಲ.

ಚಾರಣಪ್ರಿಯೆ
ಗ್ರೌಟ್ ಹಾಕಲು ಬಂದವರು ವಾಕಾಬಯಾಶಿಯ ಕೆತ್ತನೆ ಮೇಲೂ ಮೆತ್ತದಿದ್ದರೆ ನನ್ನ ಅಡ್ಡಿ ಇಲ್ಲ.

ಪಾಂಡವಪುರದವ
ನಮ್ಮಲ್ಲಿ ಹಾಗೇ ಆಗುವುದು. ಹಳೇ ಬುರುಜಿಗೆ ಹೊಸ ಸಿಮೆಂಟು, ಮೇಲೆ ಸುಣ್ಣ, ಅದರ ಮೇಲೆ ಉದ್ಘಾಟನೆ ಕಲ್ಲು.

ತುಂಗಾ_ತೀರ
ಇದು ಮಾತ್ರ ಒಪ್ಪಿದೆ.

ಇತಿಹಾಸದ_ಗೀಳು
'ಪೂರ್ವದ ಮ್ಯಾಜಿನೋ' ಬಗ್ಗೆ ಒಂದು ಮಾತು ಉಳಿದಿತ್ತು. ಅಸಲಿ ಮ್ಯಾಜಿನೋ ಫ್ರಾನ್ಸ್‌ನಲ್ಲಿ ಎದುರಾ ಎದುರು ಬಿದ್ದಿದ್ದಲ್ಲ, 1940ರಲ್ಲಿ ಜರ್ಮನಿಯವರು ಅದು ಮುಗಿಯುವ ಕಡೆ ಆರ್ಡೆನ್ಸ್ ಕಾಡಿನಿಂದ ಬಳಸಿ ಬಂದರು. ಅಲ್ಲಿನ ದೊಡ್ಡ ಕೋಟೆಗಳು ಎಷ್ಟೋ ಶರಣಾಗತಿವರೆಗೂ ನಿಂತಿದ್ದವು. ಭೂಮಿಯೊಳಗೆ ರೈಲು, ಆಸ್ಪತ್ರೆ, ಅಡುಗೆಮನೆ ಎಲ್ಲ ಇತ್ತು ಅವಕ್ಕೆ. ಈ ಲೈನ್‌ಗೆ ಆ ಹೆಸರು ಕೊಟ್ಟವರು ಯುದ್ಧಕ್ಕೆ ಮುಂಚೆ ಪತ್ರಿಕೆ ಓದಿ ಧೈರ್ಯ ತಗೊಳ್ಳುತ್ತಿದ್ದ ಜನ. ಇಲ್ಲಿನದು ಬೆಟ್ಟದ ಮೇಲೆ ಚದುರಿದ ಪಿಲ್‌ಬಾಕ್ಸ್‌ಗಳು, ನಡುನಡುವೆ ಖಾಲಿ ಗುಡ್ಡ.

ನಿವೃತ್ತ_ಫೌಜಿ
ಆ ಖಾಲಿ ಗುಡ್ಡವೇ ನಾನು ಹೇಳಿದ್ದು. ಅಲ್ಲಿ ಜನ ನಿಲ್ಲಿಸಲಿಕ್ಕೆ ಬ್ರಿಟಿಷರಿಗೆ ಬೇಕಿದ್ದಿದ್ದು ಹೆಚ್ಚೂಕಮ್ಮಿ ಒಂದು ಡಿವಿಷನ್, ಅಂದರೆ ಹಲವು ಬೆಟಾಲಿಯನ್ ಸೇರಿದ ದೊಡ್ಡ ಪಡೆ. ಲಂಡನ್ ಕೊಡಲಿಲ್ಲ, ಯಾಕೆಂದರೆ ಕೊಟ್ಟರೂ ಹಾಂಗ್‌ಕಾಂಗ್ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ಕೊನೆಗಳಿಗೆಯಲ್ಲಿ ಎರಡು ಕೆನಡಾ ಬೆಟಾಲಿಯನ್ ಯಾಕೆ ತಂದರು ಅನ್ನುವುದಕ್ಕೆ ನನಗೆ ಇವತ್ತಿಗೂ ಸಮಾಧಾನ ಆಗುವ ಉತ್ತರ ಸಿಕ್ಕಿಲ್ಲ. ಸುಮಾರು ಎರಡು ಸಾವಿರ ಹುಡುಗರು.

ತುಂಗಾ_ತೀರ
ಜಪಾನ್ ಹೆದರಲಿ ಅಂತ. ರಾಜಕೀಯ. ಹೆದರಲಿಲ್ಲ.

ಕೌಲೂನ್_ಕನ್ನಡಿಗ
ಅಪ್ಪ ಅಮ್ಮ ಮುಂದಿನ ತಿಂಗಳು ಬರುತ್ತಿದ್ದಾರೆ. ಅಪ್ಪನಿಗೆ ಇಂಥದ್ದೆಲ್ಲ ತುಂಬಾ ಇಷ್ಟ, ಆದರೆ ಮಂಡಿ ನೋವು. ಏರು ಇಲ್ಲದ ಕಡೆ ಏನಾದರೂ ಇದೆಯಾ?

ಚಾರಣಪ್ರಿಯೆ
ಪೈನ್‌ವುಡ್ ಬ್ಯಾಟರಿ ಅನ್ನುವ ಹಳೇ ಫಿರಂಗಿ ನೆಲೆಗೆ ಕರೆದುಕೊಂಡು ಹೋಗಿ. ದ್ವೀಪದ ಪಶ್ಚಿಮಕ್ಕೆ, ಲುಂಗ್ ಫು ಶಾನ್ ಮೇಲೆ. ಪೀಕ್‌ವರೆಗೆ ಬಸ್ಸಿನಲ್ಲಿ ಹೋಗಿ, ಹಾರ್ಲೆಕ್ ರಸ್ತೆಯಲ್ಲಿ ನಿಧಾನ ನಡೆಯಿರಿ, ಅದು ಸಮತಟ್ಟು. ಆಮೇಲೆ ಇಳಿಜಾರು ಬರುತ್ತದೆ, ವಾಪಸ್ ಹತ್ತುವಾಗ ಅಪ್ಪ ಕೂತು ಕೂತು ಬರಲಿ. ವಿಮಾನ ಹೊಡೆಯುವ ಫಿರಂಗಿ ಇಟ್ಟಿದ್ದ ಕಟ್ಟೆ, ಸಿಪಾಯಿಗಳ ಕೊಠಡಿ ಎಲ್ಲ ಬಯಲಲ್ಲೇ ಇದೆ, ಟಾರ್ಚ್ ಬೇಡ. 1941ರ ಡಿಸೆಂಬರ್ 15ರಂದು ಜಪಾನಿನವರ ಬಾಂಬ್ ಬಿದ್ದು ಹಾಳಾದ ಜಾಗ.

ಕುಡ್ಲದ_ಬಂಗುಡೆ
ಅಲ್ಲೂ ಕೋತಿ ಇದೆಯಾ?

ಚಾರಣಪ್ರಿಯೆ
ಇಲ್ಲ. ಭಾನುವಾರ ಬಾರ್ಬೆಕ್ಯೂ ಮಾಡುವವರ ಹೊಗೆ ಮಾತ್ರ. ಬುಧವಾರ, ಗುರುವಾರ ಹೋಗಿ.